ಒಂದು ಮೊರ ತೌಡು ಮತ್ತು ಫೆಲಿಕ್ಸ್ ಎಂಬ ಹೆಸರು

ಈಗ ಮೊಬೈಲಿನಲ್ಲಿ ಹೆಸರು ಒತ್ತಿದರೆ ಅರ್ಥ ಬಂದು ನಿಲ್ಲುತ್ತದೆ. ಮೊನ್ನೆ ನನ್ನ ಸೊಸೆ ಹುಟ್ಟಲಿರುವ ಕೂಸಿಗೆ ಹೆಸರು ಹುಡುಕುತ್ತ ಕೂತಿದ್ದಳು. ಹುಡುಕುತ್ತ ಹುಡುಕುತ್ತ ತಮಾಷೆಗೆಂದು ಮಾವನ ಹೆಸರನ್ನೂ ಒತ್ತಿ ಫೋನನ್ನು ನನ್ನ ಕಡೆ ತಿರುಗಿಸಿದಳು. ಫೆಲಿಕ್ಸ್. ಲ್ಯಾಟಿನ್. ಗಂಡು ಹೆಸರು. ಅರ್ಥ, ಅದೃಷ್ಟವಂತ. ಸರಿಯಾ ಮಾವ ಎಂದಳು. ಸರಿ ಎಂದೆ. ಸುಳ್ಳೇನೂ ಅಲ್ಲ. ಆದರೆ ಆ ಪರದೆಯ ಮೇಲೆ ನಮ್ಮ ಮನೆಯ ಹಿತ್ತಿಲ ಬಾಗಿಲಿರಲಿಲ್ಲ, ಅಜ್ಜಿಯ ಮೊರವಿರಲಿಲ್ಲ, ಲೂಸಿಬಾಯಿ ಇರಲಿಲ್ಲ. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಟಿಕೆಟ್ ಹರಿದೇ ತಲೆ ಹಣ್ಣು ಮಾಡಿಕೊಂಡವನು ನಾನು. ಡ್ರೈವರು ‘ಫೆಲಿಕ್ಸಣ್ಣಾ, ರೈಟಾ?’ ಎಂದು ಕೂಗಿದರೆ ಹೊಸ ಪ್ರಯಾಣಿಕರು ಮೊದಲು ನನ್ನ ಹಣೆಯ ಕುಂಕುಮ ನೋಡುತ್ತಿದ್ದರು, ಆಮೇಲೆ ಮುಖ ನೋಡುತ್ತಿದ್ದರು. ಧೈರ್ಯವಿದ್ದವರು ಕೇಳಿಯೂ ಬಿಡುತ್ತಿದ್ದರು, ನೀವು ಯಾವ ಪೈಕಿ ಅಂತ. ಅದಕ್ಕೆ ಉತ್ತರ ಹೇಳಿ ಮುಗಿಸಲು ಅಷ್ಟು ದೂರದ ದಾರಿಯೂ ಸಾಲುವುದಿಲ್ಲವೆಂದು ನನಗೆ ಗೊತ್ತಿತ್ತು. ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ ಎಂದು ಬಿಡುತ್ತಿದ್ದೆ.

ಕೋಣಂದೂರಿನಿಂದ ಸ್ವಲ್ಪ ಒಳಗೆ, ಗದ್ದೆ ಬಯಲಿನ ಅಂಚಿಗೆ ನಮ್ಮ ಮನೆ. ಗೇಣಿ ಒಕ್ಕಲಿನ ಮನೆ ಹೇಗಿರುತ್ತದೋ ಹಾಗೆ: ಮುಂದೆ ಸೆಗಣಿ ಸಾರಿಸಿದ ಜಗಲಿ, ಒಳಗೆ ಒಂದೇ ನಡುಮನೆ, ನಡುಮನೆಯ ಮುಕ್ಕಾಲು ಪಾಲು ನುಂಗಿ ಕೂತ ಭತ್ತದ ಕಣಜ, ಅದರಾಚೆ ಹೊಗೆ ಹಿಡಿದ ಅಡುಗೆಮನೆ. ಅಡುಗೆಮನೆಯಿಂದ ಹಿತ್ತಿಲಿಗೆ ಒಂದು ಕುಳ್ಳು ಬಾಗಿಲು. ದೊಡ್ಡವರು ತಲೆ ತಗ್ಗಿಸಿಯೇ ದಾಟಬೇಕು. ಆ ಬಾಗಿಲಿನಿಂದ ನೇರ ಕಾಣುವುದು ಗೊಬ್ಬರಗುಂಡಿ. ನನ್ನ ಹೆಸರು ಹುಟ್ಟಿದ್ದು ಅಲ್ಲಿ. ಕೇಳಿ ಕೇಳಿ ಈಗ ನಾನೇ ಕಂಡವನ ಹಾಗೆ ಹೇಳಬಲ್ಲೆ.

ನನಗಿಂತ ಮೊದಲು ಅವ್ವನಿಗೆ ಎರಡು ಗಂಡು ಕೂಸು ಹುಟ್ಟಿ, ಎರಡೂ ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಮೊದಲೇ ಹೋಗಿದ್ದವು. ಅಂಥ ಮನೆಯಲ್ಲಿ ಆಮೇಲೆ ಹುಟ್ಟಿದ್ದನ್ನು ಮಾರಿಬಿಡುವುದು ಕ್ರಮ. ಸಾವು ಮನೆ ಗುರುತು ಹಿಡಿದಿರುತ್ತದೆ, ಆದ್ದರಿಂದ ಕೂಸು ಈ ಮನೆಯದಲ್ಲ ಎಂದು ಅದಕ್ಕೆ ತೋರಿಸಬೇಕು. ಕೂಸನ್ನು ಮೊರದಲ್ಲಿ ಮಲಗಿಸಿ, ಹಿತ್ತಿಲ ಬಾಗಿಲಿನಿಂದ ಹೊರಗೆ ದಾಟಿಸಿ, ಗೊಬ್ಬರಗುಂಡಿಯ ಅಂಚಿಗೆ ಇಟ್ಟು ಬರಬೇಕು. ಬೇರೆ ಮನೆಯ ಹೆಂಗಸೊಬ್ಬಳು ಯಾರೋ ಬಿಸಾಕಿದ್ದೆಂಬಂತೆ ಎತ್ತಿಕೊಂಡು ತನಗೆ ತೋಚಿದ ಹೆಸರಿಡಬೇಕು. ತಿಪ್ಪ, ಗುಂಡ, ಕಲ್ಲ, ಸಾವು ಮೂಸಿಯೂ ನೋಡದಂಥ ಹೆಸರು. ಆಮೇಲೆ ಮನೆಯವರು ಒಂದು ಮೊರ ತೌಡು ಕೊಟ್ಟು ಕೂಸನ್ನು ಅವಳಿಂದ ಬಿಡಿಸಿಕೊಳ್ಳಬೇಕು. ಅಷ್ಟು ಹೊತ್ತಿನಲ್ಲಿ ಎಲ್ಲ ಮುಗಿಯುತ್ತದೆ. ಅಜ್ಜಿ ಇದನ್ನೆಲ್ಲ ಮಡಿವಾಳರ ಗಂಗಕ್ಕನಿಗೆ ಮೊದಲೇ ಹೇಳಿಟ್ಟಿದ್ದಳು. ಗಂಗಕ್ಕ ಬರುವುದು ತಡವಾಯಿತು. ಗುಂಡಿಯ ಅಂಚಿನಲ್ಲಿ ನಾನು ಕಿರುಚಿಕೊಳ್ಳುತ್ತಿದ್ದೆ. ಗದ್ದೆಯ ಆಚೆ ಬದಿಯಿಂದ ಲೂಸಿಬಾಯಿ ಓಡಿ ಬಂದಳು.

ಲೂಸಿಬಾಯಿಯ ಗಂಡ ಅಂತೋನಿ ಮರ ಕೊಯ್ಯುವವನು. ಗರಗಸ ಹೊತ್ತು ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು ಅವರು. ರಸ್ತೆ ಬದಿಯಲ್ಲಿ ಹೆಂಚಿನ ಪುಟ್ಟ ಮನೆ, ಪಕ್ಕದಲ್ಲಿ ದಿಮ್ಮಿ ಕೊಯ್ಯುವ ಗುಂಡಿ, ಅಂಗಳದ ತುಂಬ ಕೋಳಿ. ನಾವೆಲ್ಲ ಬರೀ ಬಾಯಿ ಎಂದು ಕರೆಯುತ್ತಿದ್ದ ಅವಳಿಗೆ ನಮ್ಮ ಕ್ರಮ ಗೊತ್ತಿರಲಿಲ್ಲ. ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡು ಬಾಗಿಲ ಹತ್ತಿರ ಬಂದವಳ ಮುಂದೆ ಅಜ್ಜಿ ತೌಡಿನ ಮೊರ ಹಿಡಿದಳು. ಮೊದಲು ಯಾರು ಎತ್ತಿಕೊಂಡರೋ ಕೂಸು ಅವರದು, ಬದಲಾಯಿಸುವಂತಿಲ್ಲ. ಅಜ್ಜಿ ಹೆಸರು ಕೇಳಿದಳು. ಬಾಯಿ ಕೂಸಿನ ಮುಖ ನೋಡಿ ‘ಫೆಲಿಕ್ಸ್’ ಎಂದಳಂತೆ. ಅಜ್ಜಿ ಇನ್ನು ತೌಡು ತಗೋ ಎಂದಳು. ಅಲ್ಲಿಗೆ ಎಲ್ಲ ಕೆಟ್ಟಿತು. ಬಾಯಿ ಮೊರವನ್ನು ಮೊಣಕೈಯಿಂದ ಆಚೆ ತಳ್ಳಿದಳು.

“ಎಮ್ಮೆಗೆ ಹಾಕೋದನ್ನ ಕೊಟ್ಟು ಮಗುವನ್ನ ತಗೊಳ್ತಾರಾ ಅಮ್ಮಾ? ನನಗೆ ಏನೂ ಬೇಡ.”

ಪ್ರೀತಿಯಿಂದ ಹೇಳಿದ ಮಾತು. ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಕಣ್ಣೊರೆಸಿಕೊಂಡು ಹೊರಟೇಹೋದಳು. ಆದರೆ ಲೆಕ್ಕದ ಪ್ರಕಾರ ಮಾರಾಟವಾಗಿತ್ತು, ಬಿಡುಗಡೆಯಾಗಿರಲಿಲ್ಲ. ಅಜ್ಜಿ ಅವತ್ತೇ ಮನೆಯವರನ್ನೆಲ್ಲ ಕೂರಿಸಿ ಹೇಳಿದಳಂತೆ: ಇದು ಬಾಯಿಯ ಕೂಸು. ನಮ್ಮ ಮನೆಯಲ್ಲಿ ಇರ್ತದೆ, ಅಷ್ಟೆ. ಅವಳು ತೌಡು ಮುಟ್ಟುವ ತನಕ ಯಾರೂ ಇದನ್ನ ನಮ್ಮದು ಅನ್ನಬಾರದು.

ಹೀಗಾಗಿ ನಾನು ನಮ್ಮ ಮನೆಯಲ್ಲಿ ನೆಂಟನಾಗಿ ಬೆಳೆದೆ. ಬಾಯಿ ಕೊಟ್ಟ ನೀಲಿ ಅಂಚಿನ ಪಿಂಗಾಣಿ ತಟ್ಟೆಯೊಂದಿತ್ತು. ನನಗೆ ಅದರಲ್ಲೇ ಊಟ. ಬೇರೆಯವರ ಮಗುವಿಗೆ ಬಡಿಸುವ ಹಾಗೆ ಅಪ್ಪನಿಗಿಂತ ಮೊದಲು ನನಗೆ ಬಡಿಸುತ್ತಿದ್ದರು. ಮೀನು ಸಾರಿನ ದಿನ ತಲೆಯ ಹೋಳು ನನಗೇ. ನನ್ನ ಮೇಲೆ ಯಾರೂ ಕೈ ಮಾಡುವಂತಿರಲಿಲ್ಲ. ನಾನು ಮೊಸರಿನ ಗಡಿಗೆ ಒಡೆದರೆ ಏಟು ಬೀಳುತ್ತಿದ್ದದ್ದು ನನ್ನ ಹಿಂದೆ ಹುಟ್ಟಿ ಬದುಕಿಕೊಂಡ ತಂಗಿ ಗೌರಿಗೆ. ಅವಳು ಬೆನ್ನು ಉಜ್ಜಿಕೊಳ್ಳುತ್ತ ನನ್ನನ್ನು ಅಣಕಿಸುತ್ತಿದ್ದಳು: ‘ನೀನ್ ಯಾವಾಗ ನಿಮ್ಮನಿಗೆ ಹೋಗದು?’ ಏಟು ತಿನ್ನುವ ಭಾಗ್ಯ ಅವಳದು. ಒಂದು ದಿನ ಬೇಕೆಂದೇ ಅಪ್ಪನ ಎದುರಿಗೆ ಹಾಲಿನ ಚೊಂಬು ಕವುಚಿದೆ. ಅಪ್ಪನ ಕೈ ಮೇಲೆ ಹೋದದ್ದು ಅಲ್ಲೇ ನಿಂತಿತು. ಅಜ್ಜಿ ನೋಡುತ್ತಿದ್ದಳು. ಅಪ್ಪ ಎದ್ದು ಕೊಟ್ಟಿಗೆಗೆ ಹೋಗಿ ಎಮ್ಮೆಯನ್ನು ಬೈಯುತ್ತ ನಿಂತ.

ಎಲ್ಲಕ್ಕಿಂತ ಕಷ್ಟವಾಗಿದ್ದು ಅವ್ವನದು. ನಾನು ಅವಳನ್ನು ಅವ್ವ ಅನ್ನಬಹುದಿತ್ತು. ಅವಳು ನನ್ನನ್ನು ಮಗ ಅನ್ನುವಂತಿರಲಿಲ್ಲ. ‘ಬಾಯಿ ಮನೆ ಹುಡುಗನ್ನ ಊಟಕ್ಕೆ ಕರಿಯೇ’ ಎಂದು ಗೌರಿಗೆ ಹೇಳುತ್ತಿದ್ದಳು. ನಾನು ಅಲ್ಲೇ ನಿಂತಿದ್ದರೂ ಹಾಗೆಯೇ. ತಲೆಗೆ ಎಣ್ಣೆ ಹಾಕುವಾಗ ಅವಳ ಬೆರಳು ಹೇಳುವುದು ಬೇರೆ, ನಾಲಿಗೆ ಹೇಳುವುದು ಬೇರೆ. ಗದ್ದೆ ದಾಟಿ ಲೂಸಿಬಾಯಿಯ ಅಂಗಳಕ್ಕೆ ಹೋದರೆ ಮಾತ್ರ ನನ್ನನ್ನು ಕರೆಯುವ ರೀತಿಯೇ ಬೇರೆ. ಬಾಯಿ ದೂರದಿಂದಲೇ ‘ಪುತಾ’ ಎನ್ನುತ್ತಿದ್ದಳು. ಅವರ ಕೊಂಕಣಿಯಲ್ಲಿ ಪುತಾ ಎಂದರೆ ಮಗನೇ ಎಂದು. ಅವ್ವ ನನ್ನನ್ನು ಅಲ್ಲಿಗೆ ಕಳಿಸಿ, ಹಿತ್ತಿಲ ಬಾಗಿಲಲ್ಲಿ ನಿಂತು ಆ ಕೂಗನ್ನು ಕೇಳಿಸಿಕೊಂಡೇ ಒಳಗೆ ಹೋಗುತ್ತಿದ್ದಳೆಂದು ಗೌರಿ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ.

ನನ್ನನ್ನು ಶಾಲೆಗೆ ಹಾಕುವ ಹೊತ್ತಿಗೆ, ಉಳುವವನೇ ಒಡೆಯ ಎಂಬ ಕಾನೂನು ಬಂದು, ನಾವು ಉಳುತ್ತಿದ್ದ ಗದ್ದೆ ನಮ್ಮದೇ ಆಯಿತು. ಅಪ್ಪ ಅದುವರೆಗೆ ಒಡೆಯರ ಜಗಲಿಯ ಕೆಳಗೆ ನಿಂತು ಮಾತಾಡಿದವನು. ಈಗ ಅವನ ನಡಿಗೆ ಬದಲಾಯಿತು. ಸಂಜೆ ಗದ್ದೆಯ ಅಂಚಿನಲ್ಲಿ ಸುಮ್ಮನೆ ಒಂದು ಸುತ್ತು ಬರುತ್ತಿದ್ದ. ಬಂದವನು ಜಗಲಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. ಒಂದು ದಿನ ಅಜ್ಜಿಗೆ ಹೇಳಿದ:

“ಗದ್ದೆ ನಮ್ಮ ಹೆಸರಿಗೆ ಆತು ಕಣೇ ಅವ್ವ. ಹುಡುಗ ಮಾತ್ರ ಇನ್ನೂ ಬ್ಯಾರೆಯೋರ ಹೆಸರಲ್ಲಿ ಇದಾನೆ. ನಾಳೆ ಶಾಲೇಲಿ ಮೇಷ್ಟ್ರು ಎಂತ ಅಂತ ಬರ್ಕಬೇಕು?”

ಸುಗ್ಗಿ ಮುಗಿದು, ಕಣದಲ್ಲಿ ಹುಲ್ಲಿನ ಬಣವೆ ಎದ್ದು, ಗದ್ದೆ ಒಣಗಿ ಬಿರಿದ ಮೇಲೆ ದಿನ ನೋಡಿದರು. ಬಾಯಿಗೆ ಸೀರೆ ತಂದರು. ಈ ಸಲ ಅವಳಿಗೆ ಕ್ರಮವನ್ನೆಲ್ಲ ಬಿಡಿಸಿ ಹೇಳಿ, ತೌಡು ಮುಟ್ಟಿಸಿ, ನನ್ನನ್ನು ಬಿಡಿಸಿಕೊಂಡು, ಸತ್ತ ಅಜ್ಜನ ಹೆಸರು ಮಂಜಪ್ಪ ಎಂದು ಇಡುವುದೆಂದಾಯಿತು. ಶಾಸ್ತ್ರಕ್ಕೆಂದು ಮೇಳಿಗೆಯಿಂದ ಅಪ್ಪನ ಅಕ್ಕ ಬಂದಳು. ಆ ಅತ್ತೆಗೆ ಯಾವ ಮನೆಯಲ್ಲೂ ಸುಮ್ಮನೆ ಕೂತು ಗೊತ್ತಿಲ್ಲ. ಬೆಳಿಗ್ಗೆ ಕಡುಬಿಗೆ ಹಿಟ್ಟು ರುಬ್ಬುತ್ತ, ರುಬ್ಬುಗುಂಡಿನ ಸದ್ದಿನ ಮೇಲೆ, ಎಲ್ಲರಿಗೂ ಕೇಳುವಂತೆ ಅವ್ವನನ್ನು ಕೇಳಿದಳು, ಆ ಹೆಸರು ಯಾರದು ಅಂತ ನಿಂಗೆ ಗೊತ್ತನೇ ಎಂದು. ಅವ್ವ ಒಲೆಯ ಮುಂದಿದ್ದಳು. ತಿರುಗಲಿಲ್ಲ. ಅತ್ತೆ ಮುಂದುವರಿಸಿದಳು. ಕಿರಿಸ್ತಾನರು ಸತ್ತವರಿಗೆ ಮೊಂಬತ್ತಿ ಹಚ್ಚುವ ದಿನ ಅವಳು ಇಗರ್ಜಿಯ ಬೇಲಿ ಪಕ್ಕದ ದಾರಿಯಲ್ಲಿ ಬರುತ್ತಿದ್ದಳಂತೆ. ಲೂಸಿಬಾಯಿ ಒಂದು ಗೇಣುದ್ದದ ಗೋರಿಯ ಮುಂದೆ ಕೂತಿದ್ದಳಂತೆ. ಜೊತೆಗಿದ್ದ ಅತ್ತೆಯ ಮಗ ಶಿಲುಬೆಯ ಮೇಲಿದ್ದ ಅಕ್ಷರ ಕೂಡಿಸಿ ಓದಿದನಂತೆ.

“ಅವಳ ಸತ್ತ ಕೂಸಿನ ಹೆಸರು ಕಣೇ ಅದು. ಸತ್ತದ್ದರ ಹೆಸರು ತಗಂಡು ನಮ್ಮ ಕೂಸಿಗೆ ಇಟ್ಟಿದಾಳೆ.”

ರುಬ್ಬುಗುಂಡು ನಿಂತಿತು. ಬಾಯಿಯ ಕೂಸು ಸತ್ತದ್ದು ಊರಿಗೆಲ್ಲ ಗೊತ್ತಿತ್ತು. ನಾನು ಹುಟ್ಟುವ ಸ್ವಲ್ಪ ಮುಂಚೆ ಹೋದದ್ದು ಅದು. ಅದಕ್ಕೊಂದು ಹೆಸರಿತ್ತೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ನಮ್ಮಲ್ಲಿ ತೊಟ್ಟಿಲಿಗೆ ಹಾಕದೆ ಹೋದ ಕೂಸಿಗೆ ಹೆಸರಿರುವುದಿಲ್ಲ. ಅವರಲ್ಲಿ ಕೂಸು ಉಳಿಯುವುದಿಲ್ಲ ಅನ್ನಿಸಿದರೆ ಮೊದಲು ಹೆಸರಿಡುತ್ತಾರೆ. ನಾನು ಕಣಜದ ಸಂದಿಯಲ್ಲಿ ಕೂತಿದ್ದೆ. ಅಪ್ಪ ಜಗಲಿಯಿಂದ ಒಳಗೆ ಬಂದದ್ದು ಕಾಲು ಮಾತ್ರ ಕಂಡಿತು. ಆ ಕಾಲು ಅವ್ವನ ಪಕ್ಕದಲ್ಲಿ ನಿಂತಿತು. ನಿಂಗೆ ಗೊತ್ತಿತ್ತಾ ಎಂದು ಕೇಳಿದ. ಅವ್ವ ಒಲೆಗೆ ಕಟ್ಟಿಗೆ ನೂಕುತ್ತ ಹೇಳಿದಳು:

“ಗೊತ್ತಿತ್ತು. ಅವಳ ಕೂಸಿಗೆ ಒಂದು ಹೆಸರಾದ್ರೂ ಇತ್ತು. ನನ್ನ ಎರಡಕ್ಕೆ ಅದೂ ಇರ್ಲಿಲ್ಲ.”

ಅಪ್ಪ ಅಂಗಳಕ್ಕೆ ಇಳಿದ. ನಾನು ಜಗಲಿಗೆ ಬಂದೆ. ಬಾಯಿ ಮತ್ತು ಅಂತೋನಿ ಆಗಲೇ ಗದ್ದೆಯ ಅಂಚಿನಲ್ಲಿ ಬರುತ್ತಿದ್ದರು. ಬಾಯಿ ಇಗರ್ಜಿಗೆ ಉಡುವ ಸೀರೆ ಉಟ್ಟಿದ್ದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ನಮ್ಮ ಅಂಗಳಕ್ಕೆ ಬಾಗಿಲೆಂದರೆ ಅಡ್ಡ ಹಾಕಿದ ಬಿದಿರ ಗಳಗಳು. ನೆಂಟರು ಬಂದರೆ ಸರಿಸುತ್ತಿದ್ದೆವು. ಅಪ್ಪ ಸರಿಸಲಿಲ್ಲ. ಗಳದ ಮೇಲೆ ಎರಡೂ ಕೈ ಊರಿ ನಿಂತ. ಅವನು ಏನೆಂದನೋ ಜಗಲಿಗೆ ಕೇಳಲಿಲ್ಲ. ಬಾಯಿಯ ಮುಖ ಮಾತ್ರ ಕಂಡಿತು. ಅವಳು ಅಪ್ಪನ ಭುಜದ ಮೇಲಿನಿಂದ ಜಗಲಿಯ ಕಡೆ ನೋಡಿದಳು. ನಾನು ಅಲ್ಲಿದ್ದೆ. ಪುತಾ ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ತಟ್ಟೆಯನ್ನು ಕಂಬದ ಬುಡದಲ್ಲಿಟ್ಟು, ಮೇಲಿನ ಬಟ್ಟೆ ಹಾರದಂತೆ ಒಂದು ಕಲ್ಲು ಹೇರಿ, ಗಂಡನ ಹಿಂದೆ ಹೊರಟುಹೋದಳು. ಅಪ್ಪ ಒಳಗೆ ಬಂದು ನನ್ನ ನೀಲಿ ಅಂಚಿನ ತಟ್ಟೆಯನ್ನು ಅಟ್ಟದ ಮೇಲಕ್ಕೆ ಎಸೆದ. ಅದು ಅಲ್ಲಿ ಉರುಳಿ ಉರುಳಿ ನಿಂತಿತು. ಇವತ್ತಿಂದ ಇವನು ಮಂಜಪ್ಪ ಎಂದ. ತೌಡಿಲ್ಲ, ಸೀರೆಯಿಲ್ಲ, ಶಾಸ್ತ್ರವಿಲ್ಲ. ಮಾಡಿಟ್ಟ ಕಡುಬನ್ನು ಎಮ್ಮೆಗೆ ಹಾಕಿದರು.

ಮಂಜಪ್ಪಾ ಎಂದು ಕರೆದರೆ ನಾನು ತಿರುಗುತ್ತಿರಲಿಲ್ಲ. ಹಟವಲ್ಲ ಅದು. ಯಾರನ್ನೋ ಕರೆಯುತ್ತಿದ್ದಾರೆ, ಅವನು ಇನ್ನೂ ಬಂದಿಲ್ಲ ಎಂದೇ ನನ್ನ ಭಾವನೆ. ಗೌರಿಯೂ ಅಣಕಿಸುವುದನ್ನು ಬಿಟ್ಟಿದ್ದಳು. ಬಾಯಿಯ ಅಂಗಳದ ಕಡೆ ತಲೆ ಹಾಕಬಾರದೆಂದು ಅಪ್ಪನ ಕಟ್ಟಪ್ಪಣೆ. ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡದೆ ಉಣ್ಣುತ್ತಿದ್ದೆವು. ಆ ವಾರವೇ ನನಗೆ ಜ್ವರ ಬಂತು. ಮೊದಲು ಬಿಸಿಲಿಗೆ ಅಂದುಕೊಂಡರು. ಇಳಿಯಲಿಲ್ಲ. ಕಷಾಯ ಕುಡಿಸಿದರು, ಕಾರಿಕೊಂಡೆ. ನಡುಮನೆಯಲ್ಲಿ ಕಣಜಕ್ಕೆ ಒರಗಿಸಿ ಚಾಪೆ ಹಾಸಿದ್ದರು. ಕಣಜ ಒಮ್ಮೆ ಉಬ್ಬಿ ಮೈಮೇಲೆ ಬಂದ ಹಾಗೆ, ಒಮ್ಮೆ ದೂರ ಹೋದ ಹಾಗೆ ಕಾಣುತ್ತಿತ್ತು. ಚಾಪೆಯ ಆ ಬದಿಗೆ ಅತ್ತೆ, ಈ ಬದಿಗೆ ಅಜ್ಜಿ. ಸತ್ತ ಕೂಸು ತನ್ನ ಹೆಸರಿನವನನ್ನು ಕರೀತಿದೆ ಎಂದು ಅತ್ತೆ. ಅಜ್ಜಿಯ ಹೆದರಿಕೆ ಬೇರೆ. ಕೊಡಬೇಕಾದ್ದನ್ನು ಕೊಡದೆ ಇನ್ನೊಬ್ಬಳ ಕೂಸನ್ನ ಕಿತ್ಕಂಡು ನಮ್ಮದು ಅಂದ್ವಿ, ಅದಕ್ಕೇ ಸಾವಿಗೆ ದಾರಿ ಕಾಣ್ತು ಎಂದು ಅವಳು. ಎರಡರಲ್ಲಿ ಯಾವುದಾದರೂ ನಾನು ಸಾಯುವುದು ಮಾತ್ರ ಖಂಡಿತ ಎಂಬಂತೆ ಇಬ್ಬರೂ ಮಾತಾಡುತ್ತಿದ್ದರು. ಅಪ್ಪ ಕಂಬ ಹಿಡಿದು ನಿಂತಿದ್ದ. ಆಸ್ಪತ್ರೆಯ ಮಾತು ಯಾರ ಬಾಯಿಂದಲೂ ಬರಲಿಲ್ಲ.

ನೆತ್ತಿಯ ಮೇಲೆ ಬಿಸಿಲಿತ್ತು. ಅವ್ವ ಅಡುಗೆಮನೆಯಿಂದ ಬಂದಳು. ಯಾರಿಗೂ ಏನೂ ಹೇಳದೆ ನನ್ನನ್ನು ಕಂಬಳಿ ಸಮೇತ ಎತ್ತಿ ಹೆಗಲಿಗೆ ಹಾಕಿಕೊಂಡಳು. ಹಿತ್ತಿಲ ಬಾಗಿಲಿಗೆ ಹೋಗಲಿಲ್ಲ, ಮುಂಬಾಗಿಲಿನಿಂದಲೇ ಇಳಿದಳು. ಅಪ್ಪ ಅವಳಿಗಿಂತ ಮೊದಲು ಓಡಿ ಬಿದಿರ ಗಳಗಳ ಮುಂದೆ ನಿಂತ. ಅವಳ ಎದೆ ಏರಿಳಿಯುವುದು ನನ್ನ ಹೊಟ್ಟೆಗೆ ತಾಗುತ್ತಿತ್ತು.

“ಎಲ್ಲಿಗೆ?”

“ಇದು ಅವಳ ಕೂಸು. ಹೌದೋ ಅಲ್ಲೋ? ನೀವೇ ಅಂದಿದ್ದು, ನಿಮ್ಮವ್ವನೇ ಅಂದಿದ್ದು. ಇಷ್ಟು ವರ್ಷ ನಾನು ಬಾಯಿ ಮುಚ್ಕಂಡು ಒಪ್ಪಿದೀನಿ. ಅವಳನ್ನ ಕೇಳ್ದೆ ಇಲ್ಲಿ ಮಲಗಿಸಿ ಸಾಯ್ಸಕ್ಕೆ ನಿಮಗೆ ಹಕ್ಕಿಲ್ಲ. ಗಳ ಸರ್ಸಿ.”

ಅವ್ವ ಅಪ್ಪನಿಗೆ ಅಷ್ಟು ಉದ್ದದ ಮಾತು ಹೇಳಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಅಪ್ಪ ಅವಳನ್ನೇ ನೋಡಿದ. ಆಮೇಲೆ ಗಳ ಸರಿಸಿದ. ಒಂದೊಂದಾಗಿ, ಗೇಣಿ ಕಾಲದಲ್ಲಿ ಒಡೆಯರು ಬಂದರೆ ಸರಿಸುತ್ತಿದ್ದ ಹಾಗೆ, ಪೂರ್ತಿ ಸರಿಸಿ ಬದಿಗೆ ನಿಂತ.

ಬಿರಿದ ಗದ್ದೆಯಲ್ಲಿ ಅವ್ವ ಬರಿಗಾಲಲ್ಲಿ ನಡೆದಳು. ಕೊಯ್ದ ಭತ್ತದ ಕೂಳೆ ಚುಚ್ಚುವ ಸದ್ದು ಕೇಳುತ್ತಿತ್ತು. ಬಾಯಿ ಅಂಗಳದಲ್ಲಿ ಕೋಳಿಗೆ ನುಚ್ಚು ಹಾಕುತ್ತಿದ್ದವಳು ನುಚ್ಚನ್ನು ಅಲ್ಲೇ ಚೆಲ್ಲಿ ಬಂದು ನನ್ನನ್ನು ತೆಗೆದುಕೊಂಡಳು. ಹಣೆ ಮುಟ್ಟಿದ್ದೇ ಗಂಡನಿಗೆ ಕೊಂಕಣಿಯಲ್ಲಿ ಏನೋ ಕೂಗಿದಳು. ಅಂತೋನಿ ಗರಗಸ ಬಿಟ್ಟು, ದಿಮ್ಮಿ ತುಂಬಲು ಬಂದು ರಸ್ತೆಯಲ್ಲಿ ನಿಂತಿದ್ದ ಲಾರಿಯ ಕಡೆ ಓಡಿದ. ಅಷ್ಟರಲ್ಲಿ ಅಜ್ಜಿ ಬಂದಳು. ಮುದುಕಿ ಅಷ್ಟು ದೂರ ಬಿಸಿಲಲ್ಲಿ ಬಂದಿದ್ದಳು, ಕೈಯಲ್ಲಿ ತೌಡು ತುಂಬಿದ ಮೊರ. ನೀರು ಕೇಳಲಿಲ್ಲ, ಕೂರಲಿಲ್ಲ. ಬಾಯಿಯ ಮುಂದೆ ಮೊರ ಹಿಡಿದಳು. ಅಂಚಿನಿಂದ ತೌಡು ಉದುರುತ್ತಿತ್ತು.

“ತಗಳೇ ಬಾಯಿ. ಇದನ್ನ ಮುಟ್ಟಿ ಅವನ್ನ ಬಿಟ್ಟುಕೊಡು. ಬೇಕಾದ್ರೆ ಕಾಲಿಗೆ ಬೀಳ್ತೀನಿ. ಸತ್ತ ಕೂಸಿನ ಹೆಸರು ಯಾಕೆ ಇಟ್ಟೆ ಮಾರಾಯ್ತಿ? ನಾವೇನು ಮಾಡಿದ್ವಿ ನಿಂಗೆ?”

ಬಾಯಿ ಅವ್ವನ ಮುಖ ನೋಡಿದಳು. ಅವ್ವ ತಲೆ ಆಡಿಸಿದಳು, ಹೇಳು ಎಂಬಂತೆ. ಬಾಯಿ ಹೇಳಿದ್ದು ಮೆತ್ತಗೆ, ನನ್ನ ನೆತ್ತಿಯ ಮೇಲೆ ಅವಳ ಗದ್ದವಿತ್ತು:

“ನನ್ನ ಮಗು ಹೋಯ್ತು ಅಮ್ಮಾ, ಹಾಲು ಹೋಗಲಿಲ್ಲ. ಹಿಂಡಿ ಹಿಂಡಿ ಹಲಸಿನ ಮರದ ಬುಡಕ್ಕೆ ಚೆಲ್ತಾ ಇದ್ದೆ. ಅವತ್ತು ಇವನನ್ನ ಎತ್ತಿಕೊಂಡಾಗ ರವಿಕೆ ಎಲ್ಲಾ ಒದ್ದೆ ಆಯ್ತು. ನಿಮ್ಮ ಸೊಸೆಗೆ ಹಾಲಿಲ್ಲ. ಕಟ್ಟಿಗೆಗೆ ಅಂತ ದಿನಾ ಇವನನ್ನ ಕಟ್ಟಿಕೊಂಡು ಬರ್ತಿದ್ದಳು, ನಾನು ಕುಡಿಸಿ ಕಳಿಸ್ತಿದ್ದೆ. ನೀವು ಆಡಿನ ಹಾಲಲ್ಲಿ ಬೆಳೀತು ಅಂದುಕೊಂಡ್ರಿ. ಆ ಹಾಲು ಫೆಲಿಕ್ಸನದು. ಅವನ ಹಾಲು ಯಾರಿಗೆ ಬಂತೋ ಅವನಿಗೆ ಬೇರೆ ಹೆಸರು ಇಡೋದಕ್ಕೆ ನನಗೆ ಬರಲಿಲ್ಲ.”

ಅಜ್ಜಿ ಸೊಸೆಯನ್ನು ನೋಡಲಿಲ್ಲ. ಬಾಯಿ ನನ್ನನ್ನು ಅವ್ವನ ಕೈಗೆ ಕೊಟ್ಟು, ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಅಜ್ಜಿಯ ಮುಂದೆ ಒಡ್ಡಿದಳು.

“ಮಗು ಉಳೀತದೆ ಅಂದ್ರೆ ಹಾಕಿ. ತಗೊಳ್ತೇನೆ. ಹೆಸರೂ ನೀವು ತಗೊಳ್ಳಿ.”

ರಸ್ತೆಯಲ್ಲಿ ಲಾರಿಯ ಇಂಜಿನ್ ಶುರುವಾಯಿತು. ಅಜ್ಜಿ ಮೊರವನ್ನು ಮುಂದೆ ತಂದಳು. ಸೆರಗಿನ ಮೇಲೆ ಅದು ವಾಲಿತು. ನಾನು ಅವ್ವನ ಹೆಗಲ ಮೇಲಿಂದ ನೋಡುತ್ತಿದ್ದೆ. ಜ್ವರದ ಕಣ್ಣಿಗೆ ಎಲ್ಲವೂ ಮಂಜಾಗಿದ್ದರೂ ಆ ವಾಲಿದ ಮೊರ ಮಾತ್ರ ಇವತ್ತಿಗೂ ಸ್ಪಷ್ಟ. ಅಜ್ಜಿ ಅದನ್ನು ಹಿಂದಕ್ಕೆ ಎಳೆದುಕೊಂಡಳು.

“ಬ್ಯಾಡ. ನಿನ್ನ ಹತ್ರನೇ ಇರ್ಲಿ. ನಮ್ಮ ಹತ್ರ ಇದ್ದಿದ್ದು ಎರಡು ಹೋದ್ವು. ಇದು ಉಳ್ದಿದ್ದು ನಿಂದು ಅಂತಲೇ.”

ತೌಡನ್ನೆಲ್ಲ ಕೋಳಿಗಳಿಗೆ ಸುರಿದು, ಖಾಲಿ ಮೊರ ಕಂಕುಳಲ್ಲಿಟ್ಟುಕೊಂಡು ಗದ್ದೆಗೆ ಇಳಿದಳು.

ಲಾರಿಯಲ್ಲಿ ನನ್ನನ್ನು ತೀರ್ಥಹಳ್ಳಿಯ ಆಸ್ಪತ್ರೆಗೆ ತಂದರು. ಹೆಂಗಸರಿಬ್ಬರೂ ಡ್ರೈವರಿನ ಪಕ್ಕ, ನಾನು ಇಬ್ಬರ ತೊಡೆಯ ಮೇಲೂ ಅರ್ಧರ್ಧ. ಅಪ್ಪ ಯಾವಾಗ ಲಾರಿಯ ಹಿಂದೆ ಹತ್ತಿದ್ದನೋ ಯಾರೂ ಕಂಡಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸು ಹುಡುಗನ ಹೆಸರೇನು ಎಂದು ಕೇಳಿದಳಂತೆ. ಅವ್ವ ಬಾಯಿಯ ಮುಖ ನೋಡಿದಳು, ಬಾಯಿ ನೆಲ ನೋಡಿದಳು. ಇಬ್ಬರಿಗೂ ಹೆಸರು ಹೇಳುವ ಧೈರ್ಯವಿಲ್ಲ. ನರ್ಸು ಸಿಡುಕಿ ಮತ್ತೆ ಕೇಳಿದಾಗ ಹಿಂದಿನಿಂದ ಅಪ್ಪನ ದನಿ ಬಂತು.

“ಫೆಲಿಕ್ಸ್ ಅಂತ ಬರ್ಕಳಿ. ಬ್ಯಾರೆ ಹೆಸರಿಂದ ಕರೆದ್ರೆ ಅವ್ನಿಗೆ ಗೊತ್ತಾಗಲ್ಲ.”

ಮೈ ತುಂಬ ಬಿಸಿ, ಸೂಜಿಯ ಉರಿ, ಆಸ್ಪತ್ರೆಯ ಗೋಡೆಯ ಹಸಿರು ಬಣ್ಣ, ಇಷ್ಟೇ ನನಗೆ ನೆನಪಿರುವುದು. ಜ್ವರ ಇಳಿಯಿತು. ಮನೆಗೆ ಬಂದಾಗ ನೀಲಿ ಅಂಚಿನ ತಟ್ಟೆ ತೊಳೆದು ಒಲೆಯ ಪಕ್ಕ ಇಟ್ಟಿತ್ತು. ಅಟ್ಟ ಹತ್ತಿದವರು ಯಾರೆಂದು ನಾನು ಕೇಳಲಿಲ್ಲ. ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿತ್ತು. ಶಾಲೆಯಲ್ಲೂ ಆ ಹೆಸರೇ ಆಯಿತು. ಬಿದಿರ ಗಳ ಬಾಯಿಗೆ ಮತ್ತೆ ಅಡ್ಡ ಬರಲಿಲ್ಲ. ಅವ್ವ ಮಾತ್ರ ಹಾಗೆಯೇ ಉಳಿದಳು. ತೌಡು ಮುಟ್ಟಿರಲಿಲ್ಲವಲ್ಲ. ನಾನು ಬಸ್ಸಿನ ಕೆಲಸಕ್ಕೆ ಸೇರಿ ಮೊದಲ ಸಲ ಖಾಕಿ ಹಾಕಿಕೊಂಡು ಬಂದು ನಿಂತ ದಿನವೂ, ‘ನೋಡೇ ಗೌರಿ, ಬಾಯಿ ಮನೆ ಹುಡುಗ ಹ್ಯಾಗೆ ಕಾಣ್ತಾನೆ’ ಎಂದಳು.

ಹೆಸರಿನ ಅರ್ಥ ಕೇಳಲು ನನಗೆ ಬಹಳ ಕಾಲ ಹೆದರಿಕೆಯಿತ್ತು. ಶಾಲೆಯಲ್ಲಿ ಹುಡುಗರು ‘ಸತ್ತೋನ್ ಹೆಸರು’ ಎಂದು ಹಂಗಿಸುತ್ತಿದ್ದರು. ಅರ್ಥವೂ ಅಂಥದೇ ಇದ್ದರೆ ಎಂದು ಅಳುಕು. ಹೊಸನಗರದಿಂದ ಸಾಗರಕ್ಕೆ ನನ್ನ ಬಸ್ಸಿನಲ್ಲೇ ಓಡಾಡುತ್ತಿದ್ದ ಒಬ್ಬರು ವಯಸ್ಸಾದ ಪಾದ್ರಿಗಳಿದ್ದರು. ಒಂದು ದಿನ ಅವರೇ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು. ಅದೃಷ್ಟವಂತ ಎಂಬ ಅರ್ಥ ಆಮೇಲೆ ಬಂದದ್ದಂತೆ. ಮೊದಲು ಅದು ರೈತರ ಮಾತು. ಫಲ ಬಿಡುವ ಮರಕ್ಕೆ ಹಾಗೆ ಹೇಳುತ್ತಿದ್ದರಂತೆ. ಆಮೇಲೆ ರೋಮಿನ ದಂಡನಾಯಕನೊಬ್ಬ ಯುದ್ಧ ಗೆದ್ದು ಅದನ್ನೇ ಬಿರುದು ಮಾಡಿಕೊಂಡ. ಸಂತೆಯಲ್ಲಿ ಕೊಂಡು ತಂದ ಗುಲಾಮರಿಗೂ ಅದೇ ಹೆಸರಿಡುತ್ತಿದ್ದರು. ಆಮೇಲೆ ಸಂತರಿಗೆ, ಪೋಪರಿಗೆ ಹೋಯಿತು; ಹಡಗು ಹತ್ತಿ ಗೋವೆಗೆ ಬಂತು; ಅಲ್ಲಿಂದ ಕರಾವಳಿಗೆ ಇಳಿದು ಗರಗಸದವರ ಜೊತೆ ನಮ್ಮ ಘಟ್ಟ ಹತ್ತಿತು. ಗುಲಾಮರ ಮಾತು ಬಂದಾಗ ನಾನು ನಕ್ಕೆ. ನಾನೂ ಮಾರಾಟವಾದವನೇ, ಫಾದರ್ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಆಗ ಅವರು ಕನ್ನಡಕ ಒರೆಸುತ್ತ ಇನ್ನೊಂದು ಮಾತು ಸೇರಿಸಿದರು.

“ಇನ್ನೂ ಹಿಂದಕ್ಕೆ ಹೋದರೆ ಅದರ ಬೇರು ಹಾಲು ಕುಡಿಯೋದು, ಕುಡಿಸೋದು ಅಂತ ತಿಳಿದವರು ಹೇಳ್ತಾರೆ. ನೀವು ಧೇನು ಅಂತೀರಲ್ಲ, ಅದೂ ಅದೇ ಬೇರಿನದಂತೆ.”

ನಾನು ಎದ್ದು ಹಿಂದಿನ ಸೀಟಿಗೆ ಟಿಕೆಟ್ ಕೊಡಲು ಹೋದೆ. ಅಲ್ಲಿ ಯಾರೂ ಹೊಸಬರು ಹತ್ತಿರಲಿಲ್ಲ. ಆ ಸಂಜೆ ಲೂಸಿಬಾಯಿಗೆ ಇದನ್ನು ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ನನ್ನ ಮಾವನ ಹೆಸರು ಅದು, ಅದಕ್ಕೇ ನನ್ನ ಮಗುವಿಗೆ ಇಟ್ಟಿದ್ದು, ಅರ್ಥ ನೋಡಿ ಯಾರು ಇಡ್ತಾರೆ ಪುತಾ ಎಂದು ಚಹಾ ಕಾಯಿಸಲು ಎದ್ದಳು.

ಬಾಯಿ ಹೋದಾಗ ಅಂತೋನಿ ಹೋಗಿ ವರ್ಷಗಳಾಗಿದ್ದವು. ಅವರಿಗೆ ಬೇರೆ ಮಕ್ಕಳಾಗಲಿಲ್ಲ. ಇಗರ್ಜಿಯ ಹಿಂದೆ, ಆ ಗೇಣುದ್ದದ ಗೋರಿಯ ಪಕ್ಕದಲ್ಲೇ ಗುಂಡಿ ತೆಗೆದಿದ್ದರು. ಪುಟ್ಟ ಶಿಲುಬೆಯ ಮೇಲೆ ನನ್ನ ಹೆಸರಿತ್ತು. ಪೆಟ್ಟಿಗೆ ಇಳಿಸಿದರು. ಪ್ರಾರ್ಥನೆ ಮುಗಿಯಿತು. ಹತ್ತಿರದವರು ಮೊದಲು ಮಣ್ಣು ಹಾಕಬೇಕು. ಯಾರೂ ಮುಂದೆ ಬರಲಿಲ್ಲ. ಬರುವವರು ಯಾರೂ ಇರಲಿಲ್ಲ. ನಾನು ಹೊರಗಿನವರ ಸಾಲಿನಲ್ಲಿ, ಅವ್ವನ ತೋಳು ಹಿಡಿದು ನಿಂತಿದ್ದೆ. ಅಪ್ಪ, ಅಜ್ಜಿ, ಅತ್ತೆ ಯಾರೂ ಆಗ ಉಳಿದಿರಲಿಲ್ಲ. ಪಾದ್ರಿಗಳು ಸುತ್ತ ನೋಡಿದರು. ಅವ್ವ ನನ್ನ ಕೈ ಬಿಡಿಸಿಕೊಂಡು ಗುಂಡಿಯ ಅಂಚಿಗೆ ನಡೆದಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ತುದಿಯನ್ನು ಎಳೆದು, ಅದರ ಗಂಟನ್ನು ಹಲ್ಲಿನಿಂದ ಬಿಚ್ಚಿದಳು. ಒಂದು ಹಿಡಿ ತೌಡು. ಬಾಗಿ ಅದನ್ನು ಪೆಟ್ಟಿಗೆಯ ಮೇಲೆ ಮೆಲ್ಲಗೆ ಉದುರಿಸಿದಳು. ಕೈಯಲ್ಲಿ ಅಂಟಿದ್ದನ್ನೂ ಉಳಿಯದಂತೆ ಕೊಡವಿದಳು. ಸುತ್ತಲಿನವರು ಏನೆಂದುಕೊಂಡರೋ. ಅವಳು ನೆಟ್ಟಗಾಗಿ ನನ್ನ ಕಡೆ ತಿರುಗಿದಳು.

“ಬಾರೋ ಮಗಾ. ನಿನ್ನವ್ವಂಗೆ ಮಣ್ಣು ಹಾಕು.”